ಹಿತ್ತಲ ಕೊಳದಲ್ಲಿ ನೀರಂಚಿನ ಗಿಡಗಳು: ಬಯಲುಸೀಮೆಯ ಬಿಸಿಲಿಗೂ ಬೋರ್‌ವೆಲ್ ನೀರಿಗೂ ಹೊಂದುವ ಸಮಗ್ರ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಹಿತ್ತಲಿಗೊಂದು ಸಣ್ಣ ಕೊಳ ಮಾಡಿಸಿಕೊಂಡವರು ಒಂದೇ ದೂರನ್ನು ಮತ್ತೆ ಮತ್ತೆ ಹೇಳುತ್ತಾರೆ. ನರ್ಸರಿಯಿಂದ ತಂದ ಗಿಡಗಳನ್ನು ಕೊಳದ ಅಂಚಿನಲ್ಲಿ ಸಾಲಾಗಿ ಇಟ್ಟಿದ್ದೆವು, ಮೂರನೆಯ ವಾರಕ್ಕೆ ಅರ್ಧದಷ್ಟು ಬುಡ ಕೊಳೆತು ಹೋದವು, ಉಳಿದವು ಏಪ್ರಿಲ್‌ನಲ್ಲಿ ಒಣಗಿದವು. ಗೊಬ್ಬರ ಯಾವುದು, ಔಷಧಿ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಕುಂಡದ ಮಣ್ಣಿನ ಮೇಲೆ ಎಷ್ಟು ಇಂಚು ನೀರು ನಿಂತಿತ್ತು ಎಂದು ತಿರುಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಕೊಳೆಯುವುದಕ್ಕೂ ಒಣಗುವುದಕ್ಕೂ ಬಹುಪಾಲು ಕಾರಣ ಆ ಅಳತೆಯಲ್ಲೇ ಇದೆ. ಆದ್ದರಿಂದ ಈ ಮಾರ್ಗದರ್ಶಿಯ ಪ್ರತಿ ಹಂತವೂ ಆ ಅಳತೆಯನ್ನು ಹಿಡಿದುಕೊಂಡೇ ಸಾಗುತ್ತದೆ. ಹಂತಗಳ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಆಳ ಎಂದರೆ ಯಾವ ಆಳ

ಬೇರು ನೀರುಂಡ ಮಣ್ಣಿನಲ್ಲಿದ್ದು, ಕಾಂಡ ಮತ್ತು ಎಲೆ ಗಾಳಿಯಲ್ಲಿ ನಿಲ್ಲುವ ಗಿಡಗಳನ್ನು ಇಲ್ಲಿ ನೀರಂಚಿನ ಗಿಡಗಳೆಂದು ಕರೆದಿದೆ. ಬಜೆ, ಒಂದೆಲಗ, ನೀರುಬ್ರಾಹ್ಮಿ, ಕೆಸು, ಕಾಬಾಳೆ, ಜೊಂಡು ಇವೆಲ್ಲ ಈ ಗುಂಪಿನವು. ತಾವರೆ, ನೈದಿಲೆಗಳು ಇದರಲ್ಲಿ ಸೇರುವುದಿಲ್ಲ. ಅವುಗಳಿಗೆ ಹೆಚ್ಚು ಆಳದ ನೀರು ಬೇಕು.

ಆಳ ಎಂದಾಗ ಕುಂಡದೊಳಗಿನ ಮಣ್ಣಿನ ಮೇಲ್ಮೈಯಿಂದ ನೀರಿನ ಮಟ್ಟದವರೆಗಿನ ಅಂತರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಕೊಳದ ಮೆಟ್ಟಿಲು ನೀರಿನ ಮಟ್ಟದಿಂದ 12 ಇಂಚು ಕೆಳಗಿದ್ದು, ಅದರ ಮೇಲಿಟ್ಟ ಕುಂಡದಲ್ಲಿ 8 ಇಂಚು ಮಣ್ಣಿದ್ದರೆ, ಗಿಡದ ಪಾಲಿಗೆ ಆಳ 4 ಇಂಚು. ಕುಂಡದ ಮಣ್ಣು ಕುಸಿದು 6 ಇಂಚಿಗೆ ಇಳಿದರೆ ಆಳ 6 ಇಂಚು ಆಯಿತು, ಆಗ ನಾಲ್ಕು ಇಂಚು ನೀರನ್ನಷ್ಟೇ ತಾಳುವ ಗಿಡ ಅಲ್ಲಿ ಬದುಕುವುದಿಲ್ಲ.

ಇದರ ಜೊತೆಗೆ ನೀರಿನ ಮಟ್ಟ ನಿಂತಲ್ಲಿ ನಿಲ್ಲುವುದಿಲ್ಲ. ಮಾರ್ಚ್‌ನಿಂದ ಮೇ ವರೆಗೆ ನಮ್ಮ ಬಯಲುಸೀಮೆಯಲ್ಲಿ ತೆರೆದ ನೀರು ಆವಿಯಾಗಿ ದಿನಕ್ಕೆ ಸುಮಾರು 6ರಿಂದ 8 ಮಿಲಿಮೀಟರ್ ಇಳಿಯುತ್ತದೆ, ಎಂದರೆ ವಾರಕ್ಕೆ ಹೆಚ್ಚುಕಡಿಮೆ ಎರಡು ಇಂಚು. ಎಂಟು ಅಡಿ ಉದ್ದ, ಆರು ಅಡಿ ಅಗಲದ ಕೊಳಕ್ಕೆ ಇದು ದಿನಕ್ಕೆ ಎರಡು ಕೊಡ ನೀರಿನ ಲೆಕ್ಕ. ವಾರದ ಮಟ್ಟಿಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಎರಡು ಇಂಚು ಆಳದಲ್ಲಿದ್ದ ಗಿಡದ ಬುಡ ಬಿಸಿಲಿಗೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಸಂಸಾರ ನಡೆಸುವ ಮನೆಯವರು ಈ ಅಳತೆಯ ಕೊಳಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥವರು ಎರಡು ಅಡಿ ಅಗಲದ ಒಂದು ತೊಟ್ಟಿಯಲ್ಲಿ ಮೂರು ಕುಂಡ ಇಟ್ಟುಕೊಂಡರೂ ಕೆಳಗಿನ ವಿಧಾನ ಹಾಗೆಯೇ ಅನ್ವಯಿಸುತ್ತದೆ.

ಕೈಗೆ ಸಿಕ್ಕಿರಬೇಕಾದ ಸಾಮಗ್ರಿ

ಗುದ್ದಲಿ, ಪಿಕಾಸಿ, ಅಳತೆ ಟೇಪುಗಳ ಜೊತೆಗೆ ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡಲು ಬಳಸುವ ಲೆವೆಲ್ ಪೈಪು ಬೇಕು. ರಸಮಟ್ಟ ಚಿಕ್ಕ ಉದ್ದಕ್ಕೆ ಸಾಕು, ಕೊಳದ ಸುತ್ತಿಗೆ ಸಾಲದು. ಕೊಳದ ತಳಕ್ಕೆ ಕೃಷಿ ಹೊಂಡಗಳಿಗೆ ಹಾಸುವ 500 ಮೈಕ್ರಾನ್ ದಪ್ಪದ ಹಾಳೆ ಒಳ್ಳೆಯದು. ಪಕ್ಕದ ತೋಟದಲ್ಲಿ ಹೊಂಡ ಮಾಡಿಸಿದವರ ಬಳಿ ತುಂಡು ಉಳಿದಿರುತ್ತದೆ, ವಿಚಾರಿಸಿ ನೋಡಿ. ಹಾಳೆಯ ಅಡಿಗೆ ಹಳೆಯ ಗೋಣಿಚೀಲಗಳು, ತಳದಲ್ಲಿ ತೂತುಗಳಿರುವ ಅಗಲ ಬಾಯಿಯ ಪ್ಲಾಸ್ಟಿಕ್ ಕುಂಡಗಳು (8ರಿಂದ 10 ಇಂಚು), ಕುಂಡದೊಳಗೆ ಹಾಸಲು ಶೇಡ್ ನೆಟ್ ತುಂಡು, ತೊಳೆದ ಸಣ್ಣ ಜಲ್ಲಿ, ಎತ್ತರ ಹೊಂದಿಸಲು ಸುಟ್ಟ ಇಟ್ಟಿಗೆ, ಇವಿಷ್ಟು ಸಾಕು. ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ಕೋಲಾರದ ಕಡೆ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ಅದನ್ನು ಬೋರಲು ಹಾಕಿದರೆ ಸುಮಾರು ಒಂದು ಅಡಿ ಎತ್ತರದ ಗಟ್ಟಿ ಪೀಠವಾಗುತ್ತದೆ. ಆದರೆ ಖಾಲಿ ಕ್ರೇಟ್ ತೇಲುತ್ತದೆ, ಒಳಗೊಂದು ಕಲ್ಲು ಕಟ್ಟಿ ಮುಳುಗಿಸಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಇಂಚಿನ ಗುರುತು ಹಾಕಿದ ಒಂದು ಬಿದಿರು ಕಡ್ಡಿ. ಅದು ವರ್ಷಪೂರ್ತಿ ಕೊಳದ ಪಕ್ಕದಲ್ಲೇ ಇರಲಿ.

ಹಂತ 1: ಜಾಗದ ಆಯ್ಕೆ

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಬೆಳಗಿನ ಬಿಸಿಲು ಪೂರ್ತಿ ಸಿಕ್ಕಿ, ಮಧ್ಯಾಹ್ನ ಎರಡರ ನಂತರ ಗೋಡೆಯ ನೆರಳು ಬರುವ ಕಡೆ ಸಿಕ್ಕರೆ ಅದನ್ನೇ ಆರಿಸಿ. ಪಾವಗಡ, ಬಾಗೇಪಲ್ಲಿಯಂಥ ಕಾವು ಹೆಚ್ಚಿರುವ ತಾಲ್ಲೂಕುಗಳಲ್ಲಿ ಈ ನೆರಳು ಬಜೆಯಂಥ ಗಿಡವನ್ನು ಉಳಿಸುತ್ತದೆ. ಹೊಂಗೆ, ಬೇವಿನ ಮರಗಳ ಅಡಿ ಬೇಡ. ಯುಗಾದಿಗೆ ಮುಂಚೆ ಅವು ಉದುರಿಸುವ ಎಲೆ ಕೊಳದ ತಳದಲ್ಲಿ ಕೊಳೆತು, ಕಾವು ಏರುವ ಹೊತ್ತಿಗೆ ಸರಿಯಾಗಿ ನೀರು ಕಪ್ಪಾಗುತ್ತದೆ.

ಬಟ್ಟೆ ಒಗೆಯುವ ಕಲ್ಲಿನ ನೀರು, ಅಂಗಳ ತೊಳೆದ ನೀರು ಹರಿದು ಬರುವ ತಗ್ಗಿನಲ್ಲಿ ಕೊಳ ತೆಗೆಯಬೇಡಿ. ಪಕ್ಕದಲ್ಲೇ ಟೊಮೆಟೊ ಅಥವಾ ಹೂವಿನ ತೋಟವಿದ್ದು ಔಷಧಿ ಸಿಂಪಡಿಸುವ ರೂಢಿಯಿದ್ದರೆ ಗಾಳಿ ಬೀಸುವ ದಿಕ್ಕನ್ನು ನೋಡಿ ದೂರ ಸರಿಯಿರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕೊಳಕ್ಕೆ ಸುತ್ತಲೂ ಕಟಾಂಜನವೋ ಮೇಲೊಂದು ಗಟ್ಟಿ ಜಾಲರಿಯೋ ಇಲ್ಲದೆ ನೀರು ತುಂಬಿಸಲೇಬಾರದು. ಒಂದು ಅಡಿ ನೀರೂ ಮಗುವಿಗೆ ಅಪಾಯವೇ.

ಹಂತ 2: ಅಗೆತ, ಮೆಟ್ಟಿಲು ಮತ್ತು ಮಟ್ಟ

ನಡುವೆ ಎರಡು ಅಡಿ ಆಳ, ಸುತ್ತ ಎರಡು ಮೆಟ್ಟಿಲು: ಒಂದು ನೀರಿನ ಮಟ್ಟದಿಂದ 12 ಇಂಚು ಕೆಳಗೆ, ಇನ್ನೊಂದು 5 ಇಂಚು ಕೆಳಗೆ. ಮೆಟ್ಟಿಲಿನ ಅಗಲ ಒಂದು ಅಡಿಗಿಂತ ಕಡಿಮೆಯಾದರೆ ಕುಂಡ ಕೂರುವುದಿಲ್ಲ. ಮೆಟ್ಟಿಲು ದಡದ ಕಡೆಗೆ ಬೆರಳಗಲ ತಗ್ಗಿರಲಿ, ಆಗ ಕುಂಡಗಳು ಕೊಳದ ನಡುವಿಗೆ ಜಾರುವುದಿಲ್ಲ. ನಮ್ಮ ಕಡೆ ಒಂದೂವರೆ ಅಡಿ ಕೆಳಗೆ ಗರಸು ಸಿಗುವುದು ಸಾಮಾನ್ಯ. ಅದರ ಚೂಪು ಕಲ್ಲುಗಳನ್ನು ಆರಿಸಿ ತೆಗೆಯದೆ ಹಾಳೆ ಹಾಸಿದರೆ ನೀರಿನ ಭಾರಕ್ಕೆ ಹಾಳೆ ತೂತಾಗುತ್ತದೆ.

ಅಗೆತ ಮುಗಿದ ಮೇಲೆ ಲೆವೆಲ್ ಪೈಪಿನಿಂದ ದಂಡೆಯ ಸುತ್ತ ಕನಿಷ್ಠ ಆರು ಕಡೆ ಮಟ್ಟ ನೋಡಿ, ಗೂಟ ನೆಟ್ಟು ಗುರುತು ಹಾಕಿ. ಈ ಕೆಲಸವನ್ನು ನಾನು ಒಮ್ಮೆ ಬಿಟ್ಟಿದ್ದೆ. ಕಣ್ಣಂದಾಜಿನಲ್ಲಿ ಸರಿಯಾಗಿದೆ ಎಂದು ಗಾರೆಯವರು ಹೇಳಿದ್ದನ್ನು ನಂಬಿ ನೀರು ತುಂಬಿಸಿದಾಗ, ಒಂದು ಬದಿಯ ಮೆಟ್ಟಿಲಿನ ಮೇಲೆ ಎಂಟು ಇಂಚು, ಎದುರು ಬದಿಯಲ್ಲಿ ಹನ್ನೆರಡು ಇಂಚು ನೀರು ನಿಂತಿತು. ಎರಡೂ ಬದಿಗೆ ಒಂದೇ ಅಳತೆಯ ಕುಂಡಗಳಲ್ಲಿ ಬಜೆ ಇಟ್ಟೆ. ತಗ್ಗಿದ ಬದಿಯ ಕುಂಡವನ್ನು ಇಪ್ಪತ್ತು ದಿನದ ನಂತರ ಎತ್ತಿದಾಗ ತೂತುಗಳಿಂದ ಕಪ್ಪು ನೀರು ಸೋರಿತು. ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆಂದ ಗೆಣಸಿನಂತೆ ಸಿಪ್ಪೆ ಬಿಟ್ಟು ಬಂತು, ಬಜೆಯ ಪರಿಚಿತ ಘಮದ ಜಾಗದಲ್ಲಿ ಚರಂಡಿಯ ನಾತವಿತ್ತು. ಎದುರು ಬದಿಯ ಬಜೆ ಮಾತ್ರ ಅಷ್ಟರಲ್ಲಿ ಮೂರು ಹೊಸ ಎಲೆ ಬಿಟ್ಟಿತ್ತು. ಗಿಡ, ಮಣ್ಣು, ಬಿಸಿಲು ಎಲ್ಲವೂ ಒಂದೇ. ನಾಲ್ಕು ಇಂಚಿನ ವ್ಯತ್ಯಾಸ ಮಾತ್ರ ಬೇರೆ.

ಕೆರೆಗೆ ಕೋಡಿ ಇರುವಂತೆ ಕೊಳಕ್ಕೂ ಒಂದು ಕೋಡಿ ಬೇಕು. ದಂಡೆಯ ತುದಿಯಿಂದ ಎರಡು ಇಂಚು ಕೆಳಗೆ ಒಂದೂವರೆ ಇಂಚಿನ ಪೈಪು ಇಟ್ಟು, ಅದರ ಬಾಯಿಗೆ ಜಾಲರಿ ಕಟ್ಟಿ, ಇನ್ನೊಂದು ತುದಿಯನ್ನು ಬಾಳೆಯ ಪಾತಿಗೆ ಬಿಡಿ. ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆಯಲ್ಲಿ ಕೋಡಿಯಿಲ್ಲದ ಕೊಳದ ಮಟ್ಟ ಒಂದೇ ರಾತ್ರಿಯಲ್ಲಿ ಏರಿ, ಎಳೆಯ ಗಿಡಗಳು ಮುಳುಗುತ್ತವೆ.

ಹಂತ 3: ಹಾಳೆ ಅಥವಾ ಗಾರೆ

ಹಾಳೆಯ ಅಳತೆಗೆ ಕೊಳದ ಉದ್ದಕ್ಕೆ ಆಳದ ಎರಡು ಪಟ್ಟು ಕೂಡಿಸಿ, ದಂಡೆಯ ಮೇಲೆ ಮಡಚಲು ಎರಡು ಬದಿಗೂ ಒಂದೊಂದು ಅಡಿ ಸೇರಿಸಬೇಕು. ಅಗಲಕ್ಕೂ ಇದೇ ಲೆಕ್ಕ. 8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಕೊಳಕ್ಕೆ 14 ಅಡಿಗೆ 12 ಅಡಿಯ ಹಾಳೆ ಬೇಕು. ಗೋಣಿ ಹಾಸಿ, ಅದರ ಮೇಲೆ ಹಾಳೆಯನ್ನು ಸಡಿಲವಾಗಿ ಬಿಟ್ಟು, ನೀರು ತುಂಬುತ್ತಿದ್ದಂತೆ ಸುಕ್ಕುಗಳನ್ನು ಸರಿಪಡಿಸಿ. ಬಿಸಿಲಿಗೆ ಬಿದ್ದ ಹಾಳೆಯ ಅಂಚು ಬೇಗ ಒಡೆಯುವುದರಿಂದ ಅದರ ಮೇಲೆ ಕಲ್ಲು ಅಥವಾ ಮಣ್ಣು ಮುಚ್ಚಿರಲಿ.

ಗಾರೆಯ ಕೊಳವಾದರೆ ತಾಳ್ಮೆ ಬೇಕು. ಹೊಸ ಸಿಮೆಂಟಿನಿಂದ ಸುಣ್ಣದಂಶ ನೀರಿಗೆ ಇಳಿದು ನೀರು ತೀರ ಕ್ಷಾರವಾಗುತ್ತದೆ. ಅಂಥ ನೀರಿನಲ್ಲಿ ಎಳೆಯ ಬೇರು ಸುಡುತ್ತದೆ, ಮೀನು ಸಾಯುತ್ತದೆ. ನೀರು ತುಂಬಿಸಿ ಒಂದು ವಾರ ಬಿಟ್ಟು ಖಾಲಿ ಮಾಡಿ, ಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಮತ್ತೆ ತುಂಬಿಸುವುದನ್ನು ಮೂರು ನಾಲ್ಕು ಸಲ ಮಾಡಬೇಕು. ಮೀನು ಸಾಕುವವರು ಬಾಳೆದಿಂಡನ್ನು ಕೊಚ್ಚಿ ನೀರಿಗೆ ಹಾಕಿ ಕೊಳೆಯಿಸಿ, ಆ ನೀರನ್ನು ಹೊರಚೆಲ್ಲುವ ರೂಢಿಯೂ ಇದೆ. ಕೊನೆಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ನೀರಿನ ಕ್ಷಾರ ತಿಳಿಸುವ ಪಿಎಚ್ ಪಟ್ಟಿಯನ್ನು ಅದ್ದಿ ನೋಡಿ, 8.5ಕ್ಕಿಂತ ಕೆಳಗೆ ಇಳಿಯುವ ತನಕ ಒಂದು ಗಿಡವನ್ನೂ ಇಡಬೇಡಿ.

ಹಂತ 4: ಯಾವ ನೀರು

ನಮ್ಮ ಮೂರೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡುಸು. ಅದನ್ನೇ ಸುರಿಯುತ್ತ ಹೋದರೆ ನೀರು ಆವಿಯಾಗಿ ಲವಣ ಮಾತ್ರ ಉಳಿಯುತ್ತದೆ, ವರ್ಷದಲ್ಲಿ ಕೊಳದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಕಂದುತ್ತದೆ. ಇದಕ್ಕೆ ಉಪಾಯ ಎರಡು. ಮೊದಲನೆಯದು, ಚಾವಣಿಯ ಮಳೆ ನೀರನ್ನು ಕೊಳಕ್ಕೆ ತಿರುಗಿಸುವುದು: 50 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚೆಂದರೆ 500 ಲೀಟರ್ ನೀರು ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಮಾತ್ರ ಹೊರಗೆ ಬಿಡಿ. ಎರಡನೆಯದು, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕಾಲು ಭಾಗ ನೀರನ್ನು ಮೊಗೆದು ತೆಂಗಿಗೋ ಬಾಳೆಗೋ ಹಾಕಿ, ಹೊಸ ನೀರು ತುಂಬಿಸುವುದು.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಸುಮ್ಮನೆ ಹೋಗುತ್ತಿದೆಯಲ್ಲ ಎಂದು ಅದನ್ನು ಕೊಳಕ್ಕೆ ಹರಿಸುತ್ತಾರೆ. ಆ ನೀರಿನಲ್ಲಿ ಬೋರ್‌ವೆಲ್ ನೀರಿಗಿಂತಲೂ ಹೆಚ್ಚು ಲವಣವಿರುತ್ತದೆ. ಅದು ನೆಲ ಒರೆಸಲು ಸರಿ, ಕೊಳಕ್ಕೆ ಬೇಡ. ಉಪ್ಪು ಹಾಕಿ ಮೆದುಮಾಡುವ ಯಂತ್ರದ ನೀರಿಗೂ ಇದೇ ಮಾತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು ಬಳಸಿ. ಔಷಧಿ ಕಲಸಿದ ಬಕೆಟ್ಟಿನಲ್ಲಿ, ಎಷ್ಟೇ ತೊಳೆದಿದ್ದರೂ, ಕೊಳಕ್ಕೆ ನೀರು ಹೊರಬೇಡಿ.

ಹಂತ 5: ಗಿಡಗಳ ಆಯ್ಕೆ ಮತ್ತು ಅವುಗಳ ಆಳ

ಬಜೆ ಈ ಸೀಮೆಯ ಗಿಡವೇ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಅದನ್ನು ಗದ್ದೆಯಲ್ಲಿ ಬೆಳೆಯುವ ರೂಢಿಯಿದೆ. ಮಣ್ಣಿನ ಮೇಲೆ 2ರಿಂದ 4 ಇಂಚು ನೀರು ಅದಕ್ಕೆ ಹಿತ. ಎಲೆಯನ್ನು ಹಿಸುಕಿದಾಗ ಬಜೆಬೇರಿನ ಘಮ ಬಂದರೆ ಮಾತ್ರ ಕೊಳ್ಳಿ. ಎಲೆ ನೋಡಲು ಅದರಂತೆಯೇ ಇರುವ ಬೇರೆ ಗಿಡಗಳನ್ನು ಬಜೆಯೆಂದು ಮಾರುವುದುಂಟು.

ಒಂದೆಲಗ ಮತ್ತು ನೀರುಬ್ರಾಹ್ಮಿ ಎರಡನ್ನೂ ನರ್ಸರಿಗಳಲ್ಲಿ ಬ್ರಾಹ್ಮಿ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಒಂದು ತೊಟ್ಟಿಗೆ ಒಂದೇ ದುಂಡನೆಯ, ಬುಡದಲ್ಲಿ ಸೀಳಿದ ಎಲೆಯಿದ್ದರೆ ಅದು ಒಂದೆಲಗ. ದಪ್ಪನೆಯ ಪುಟ್ಟ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದು, ಬಿಳಿ ಅಥವಾ ತಿಳಿನೇರಳೆ ಹೂ ಬಿಡುವುದು ನೀರುಬ್ರಾಹ್ಮಿ. ಒಂದೆಲಗಕ್ಕೆ ಒದ್ದೆ ಮಣ್ಣು ಸಾಕು, ಹೆಚ್ಚೆಂದರೆ ಅರ್ಧ ಇಂಚು ನೀರು. ನೀರುಬ್ರಾಹ್ಮಿ ಎರಡು ಇಂಚಿನವರೆಗೆ ಸುಖವಾಗಿರುತ್ತದೆ, ನೆಲೆ ನಿಂತ ಮೇಲೆ ಇನ್ನೂ ಸ್ವಲ್ಪ ತಾಳುತ್ತದೆ. ಹೆಸರು ಅದಲುಬದಲಾಗಿ ಒಂದೆಲಗವನ್ನು ನೀರುಬ್ರಾಹ್ಮಿಯ ಆಳದಲ್ಲಿಟ್ಟು ಕೊಳೆಯಿಸಿದವರು ಬಹಳ ಮಂದಿ.

ಕೆಸು 0ರಿಂದ 4 ಇಂಚು ಆಳಕ್ಕೆ ಒಗ್ಗುತ್ತದೆ. ಸಂತೆಯಲ್ಲಿ ಕೊಂಡ, ಮೊಳಕೆಯಿರುವ ಗೆಡ್ಡೆಯನ್ನೇ (ಕೆಲವು ಕಡೆ ಇದು ಶಾಮೆಗಡ್ಡೆ) ಮೊದಲು ಒದ್ದೆ ಮಣ್ಣಿನಲ್ಲಿ ಎರಡೆಲೆ ಬರುವವರೆಗೆ ಬೆಳೆಸಿ ನಂತರ ಕೊಳಕ್ಕೆ ಇಡಬಹುದು. ಅದರ ರಸ ಚರ್ಮಕ್ಕೆ ತುರಿಕೆ ತರುತ್ತದೆ, ಸವರುವಾಗ ಕೈಗವಸು ಹಾಕಿಕೊಳ್ಳಿ. ಕಾಬಾಳೆಗೆ 0ರಿಂದ 3 ಇಂಚು, ಕೊಡೆಯಂತೆ ಎಲೆ ಹರಡುವ ಅಂಬ್ರೆಲಾ ಪಾಮ್‌ಗೆ 0ರಿಂದ 6 ಇಂಚು. ಇವೆರಡೂ ಗಡುಸು ನೀರನ್ನು ಚೆನ್ನಾಗಿ ತಾಳುವುದರಿಂದ ಮೊದಲ ಸಲ ಬೆಳೆಯುವವರಿಗೆ ನಾನು ಇವನ್ನೇ ಹೇಳುತ್ತೇನೆ. ಹೊನಗೊನೆ ಸೊಪ್ಪು ಒಂದೆರಡು ಇಂಚು ನೀರಿನಲ್ಲಿ ತಾನಾಗಿ ಹಬ್ಬುತ್ತದೆ.

ಜೊಂಡಿನ ವಿಷಯದಲ್ಲಿ ಎಚ್ಚರ ಬೇಕು. ಒಂದು ಅಡಿ ನೀರಿನಲ್ಲೂ ಬೆಳೆಯುವ ಈ ಗಿಡದ ಚೂಪಾದ ಬೇರುಗೆಡ್ಡೆ ಹಾಳೆಯನ್ನು ಚುಚ್ಚಿ ತೂತು ಮಾಡುತ್ತದೆ. ಬೇಕೇ ಬೇಕೆನ್ನುವವರು ತೂತಿಲ್ಲದ ಗಟ್ಟಿ ಟಬ್ಬಿನಲ್ಲಿ ನೆಟ್ಟು ಇಡಲಿ. ಅಂತರಗಂಗೆಯನ್ನಂತೂ ತರಬೇಡಿ. ಕೋಲಾರದ ಬೆಟ್ಟಕ್ಕೆ ಆ ಹೆಸರು ಶೋಭಿಸುತ್ತದೆ. ಕೊಳದಲ್ಲಿ ಅದೇ ಹೆಸರಿನ ತೇಲುಕಳೆ ನೋಡನೋಡುತ್ತಲೇ ನೀರನ್ನೆಲ್ಲ ಮುಚ್ಚಿ, ಕೆಳಗಿನದನ್ನು ಉಸಿರುಗಟ್ಟಿಸುತ್ತದೆ.

ಕೆರೆಯಿಂದ ನೇರವಾಗಿ ಗಿಡ ಕಿತ್ತು ತರುವುದು ಅಗ್ಗವೆನಿಸಿದರೂ, ಅದರ ಬೇರಿನ ಮಣ್ಣಿನಲ್ಲಿ ಕಳೆಯ ಬೀಜ, ಬಸವನಹುಳುವಿನ ಮೊಟ್ಟೆ ಎಲ್ಲವೂ ಬರುತ್ತವೆ. ತಂದದ್ದೇ ಆದರೆ ಬೇರನ್ನು ಪೂರ್ತಿ ತೊಳೆದು ಎರಡು ವಾರ ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಿ.

ಹಂತ 6: ಮಣ್ಣು ಮತ್ತು ನಾಟಿ

ನೆಡಲು ಮೇ ಕೊನೆಯಿಂದ ಆಗಸ್ಟ್‌ವರೆಗಿನ ಅವಧಿ ಉತ್ತಮ. ಮಾರ್ಚ್, ಏಪ್ರಿಲ್‌ನಲ್ಲಿ ನೆಟ್ಟದ್ದು ಬೇರು ಬಿಡುವ ಮುನ್ನವೇ ಬಸವಳಿಯುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ನಿಂತೇ ಹೋಗುತ್ತದೆ.

ಹೊಲದ ಕೆಮ್ಮಣ್ಣು ಎರಡು ಪಾಲು, ಒಣಗಿಸಿ ಪುಡಿಮಾಡಿದ ಕೆರೆಗೋಡು ಒಂದು ಪಾಲು ಸೇರಿಸಿದರೆ ಮಣ್ಣು ತಯಾರು. ಕೆರೆಗೋಡನ್ನು ಕನಿಷ್ಠ ಹದಿನೈದು ದಿನ ಬಿಸಿಲಿಗೆ ಹರಡಿ ಒಣಗಿಸುವುದರಿಂದ ಅದರಲ್ಲಿರುವ ಬೇರಿನ ತುಂಡುಗಳು ಸಾಯುತ್ತವೆ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ, ಸಗಣಿ ಗೊಬ್ಬರ ಇದಾವುದನ್ನೂ ಬೆರೆಸಬೇಡಿ. ನಾರಿನ ಪುಡಿ ತೇಲುತ್ತದೆ, ಉಳಿದವು ನೀರಿನಡಿ ಗಾಳಿಯಿಲ್ಲದೆ ಕೊಳೆತು ಬೇರನ್ನು ಕೊಲ್ಲುತ್ತವೆ. ತಾರಸಿ ಕುಂಡಕ್ಕೆ ಹಾಕುವ ಹಗುರ ಮಿಶ್ರಣವನ್ನೇ ಕೊಳದ ಕುಂಡಕ್ಕೂ ತುಂಬುವುದು ಅತ್ಯಂತ ಸಾಮಾನ್ಯ ತಪ್ಪು. ನರ್ಸರಿಯಿಂದ ಬಂದ ಗಿಡದ ಬೇರಿಗೆ ಅಂಟಿದ ಅಂಥ ಮಿಶ್ರಣವನ್ನೂ ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿ ಕಳೆಯಬೇಕು.

ಕುಂಡದೊಳಗೆ ಶೇಡ್ ನೆಟ್ ಹಾಸಿ, ಮಣ್ಣನ್ನು ಒದ್ದೆ ಮಾಡುತ್ತ, ಅಂಗೈಯಿಂದ ಒತ್ತುತ್ತ ತುಂಬಿಸಿ. ಸಡಿಲವಾಗಿ ತುಂಬಿದ ಮಣ್ಣು ನೀರಿನಲ್ಲಿ ಕುಸಿದು, ಮೊದಲೇ ಹೇಳಿದಂತೆ, ನಿಮಗೆ ತಿಳಿಯದೆಯೇ ಆಳ ಹೆಚ್ಚುತ್ತದೆ. ಬಜೆಯ ಗೆಡ್ಡೆಯನ್ನು ಶುಂಠಿಯಂತೆ ಅಡ್ಡಲಾಗಿ ಮಲಗಿಸಿ, ಬೆಳೆಯುವ ಸುಳಿ ಕುಂಡದ ನಡುವಿನ ಕಡೆ ಮುಖ ಮಾಡಿ ಮಣ್ಣಿನ ಮೇಲೆ ಕಾಣುವಂತೆ ಇಡಬೇಕು. ಸುಳಿಯನ್ನು ಹೂತರೆ ಅದು ಕೊಳೆಯುವ ಸಂಭವವೇ ಹೆಚ್ಚು. ನೀರುಬ್ರಾಹ್ಮಿಯನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಕುಂಡಕ್ಕೆ ಎಂಟು ಹತ್ತರಂತೆ ಓರೆಯಾಗಿ ಚುಚ್ಚಿ. ಎತ್ತರ ಬೆಳೆದ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿಬಿಡಿ. ಬೇರು ಹಿಡಿಯುವ ತನಕ ಗಾಳಿಗೆ ಗಿಡ ವಾಲುವುದಿಲ್ಲ. ಕೊನೆಗೆ ಸುಳಿ ಮುಚ್ಚದಂತೆ ಒಂದು ಇಂಚು ತೊಳೆದ ಜಲ್ಲಿ ಹರಡಿ. ತೊಳೆಯದ ಜಲ್ಲಿಯ ದೂಳು ನೀರನ್ನು ವಾರಗಟ್ಟಲೆ ಬಗ್ಗಡವಾಗಿ ಇಡುತ್ತದೆ.

ಹಂತ 7: ಮೆಲ್ಲಗೆ ಮುಳುಗಿಸುವುದು

ನೆಟ್ಟ ಕುಂಡವನ್ನು ಅದೇ ದಿನ ಪೂರ್ತಿ ಆಳಕ್ಕೆ ಇಳಿಸುವುದು ಎರಡನೆಯ ದೊಡ್ಡ ತಪ್ಪು. ಮೊದಲ ವಾರ ಮಣ್ಣಿನ ಮೇಲ್ಮೈ ನೀರಿನ ಮಟ್ಟಕ್ಕೆ ಸಮನಾಗಿರುವಂತೆ ಕುಂಡದ ಅಡಿಗೆ ಇಟ್ಟಿಗೆ ಜೋಡಿಸಿ. ಹೊಸ ಎಲೆಯೊಂದು ಮೂಡಿ, ಗಿಡವನ್ನು ಮೆಲ್ಲನೆ ಎಳೆದಾಗ ಬುಡ ಬಿಗಿಯಾಗಿದೆ ಎನಿಸಿದ ಮೇಲೆ ವಾರಕ್ಕೆ ಒಂದು ಇಂಚಿನಂತೆ ಇಳಿಸುತ್ತ ಬನ್ನಿ. ನಾಲ್ಕು ಇಂಚು ಬೇಕಾದ ಬಜೆಗೆ ಹೀಗೆ ಸುಮಾರು ಐದು ವಾರ ಹಿಡಿಯುತ್ತದೆ.

ಕುಂಡವನ್ನು ಇಳಿಸುವಾಗ ಒಂದು ಬದಿಗೆ ಸ್ವಲ್ಪ ವಾಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಹಿಡಿದುಕೊಂಡಿರಿ. ನೇರವಾಗಿ ಒತ್ತಿದರೆ ಒಳಗಿನ ಗಾಳಿ ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ, ಜಲ್ಲಿ ಚೆದುರುತ್ತದೆ, ಗಿಡವೇ ಕಿತ್ತು ತೇಲುವುದೂ ಉಂಟು. ಕೂರಿಸಿದ ಮೇಲೆ ಬಿದಿರು ಕಡ್ಡಿಯಿಂದ ಆಳ ಅಳೆದು, ಕುಂಡದ ಅಂಚಿಗೆ ಕಟ್ಟಿದ ಚೀಟಿಯಲ್ಲಿ ಅಳಿಸದ ಶಾಯಿಯಿಂದ ಬರೆಯಿರಿ.

ಹಂತ 8: ಮೊದಲ ಮೂರು ತಿಂಗಳು

ಗಿಡಗಳು ನೆಲೆ ನಿಂತು ಮೂರು ನಾಲ್ಕು ವಾರ ಕಳೆದ ಮೇಲೆ ಹತ್ತು ಹದಿನೈದು ಗಪ್ಪಿ ಮೀನು ಬಿಡಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ದಿನಗಳಲ್ಲಿ ಏಳೆಂಟು ದಿನ ಸಾಕಾದ್ದರಿಂದ, ಮೀನು ಬಿಡುವ ಮುನ್ನ ವಾರಕ್ಕೆರಡು ಸಲ ಸಣ್ಣ ಜಾಲರಿಯಿಂದ ಹುಳು ಸೋಸಿ ತೆಗೆಯಬೇಕು. ಮೀನಿರುವ ಕೊಳದಲ್ಲೂ ಕಾಂಡಗಳು ಒತ್ತಾಗಿ ಹೆಣೆದುಕೊಂಡ ಕಡೆ ಮೀನು ನುಗ್ಗುವುದಿಲ್ಲ, ಹುಳು ಅಲ್ಲೇ ಅಡಗುತ್ತದೆ. ಅಂಥ ಗುಂಪುಗಳ ನಡುವೆ ಅಂಗೈ ಅಗಲದ ತೆರವು ಇರಲಿ. ಕೊಳದ ಪಕ್ಕ ಬಿದ್ದಿರುವ ಖಾಲಿ ಕುಂಡ, ತಟ್ಟೆ, ಮುರಿದ ಬಕೆಟ್ಟುಗಳನ್ನು ಬೋರಲು ಹಾಕಿ. ಡೆಂಗೆ ಹರಡುವ ಸೊಳ್ಳೆಗೆ ಅಷ್ಟು ನೀರೇ ಸಾಕು.

ಎರಡು ತಿಂಗಳವರೆಗೆ ಗೊಬ್ಬರ ಬೇಡ. ಆ ನಂತರ ಒಂದು ಚಮಚ ಮೂಳೆ ಪುಡಿಯನ್ನು ಜೇಡಿಮಣ್ಣಿನಲ್ಲಿ ಕಲಸಿ, ನಿಂಬೆ ಗಾತ್ರದ ಉಂಡೆ ಕಟ್ಟಿ, ನೆರಳಲ್ಲಿ ಒಣಗಿಸಿ, ಕುಂಡದ ಅಂಚಿನಲ್ಲಿ ಬೆರಳುದ್ದ ಆಳಕ್ಕೆ ಒತ್ತಿ ತೂತನ್ನು ಮುಚ್ಚಿ. ಎರಡು ತಿಂಗಳಿಗೆ ಒಂದು ಉಂಡೆ ಸಾಕು, ಚಳಿಗಾಲದಲ್ಲಿ ಅದೂ ಬೇಡ. ಕಡಲೆಕಾಯಿ ಹಿಂಡಿ ಅಥವಾ ಬೇವಿನ ಹಿಂಡಿಯನ್ನು ಕೊಳಕ್ಕೆ ಎಸೆದರೆ ಎರಡೇ ದಿನಕ್ಕೆ ನೀರು ಹುಳಿತು, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ನೀರಿನ ಮಟ್ಟ ಒಂದು ಇಂಚು ಇಳಿದಾಗಲೇ ತುಂಬಿಸಿ. ವಾರಕ್ಕೊಮ್ಮೆ ಒಟ್ಟಿಗೆ ತುಂಬಿಸುವುದಕ್ಕಿಂತ ದಿನ ಬಿಟ್ಟು ದಿನ ಸಂಜೆ ಎರಡು ಮೂರು ಕೊಡ ಸುರಿಯುವುದು ಗಿಡಕ್ಕೂ ಮೀನಿಗೂ ಒಳ್ಳೆಯದು.

ಹಂತ 9: ಎಚ್ಚರಿಕೆಯ ಲಕ್ಷಣಗಳು

ಬುಡ ಮೆತ್ತಗಾಗಿ ಹೊರಗಿನ ಎಲೆಗಳು ಎಳೆದರೆ ಕೈಗೆ ಬರುತ್ತಿದ್ದರೆ ಮೊದಲು ಆಳವನ್ನು ಅಳೆಯಿರಿ. ಕುಂಡವನ್ನು ಆ ದಿನವೇ ಮೇಲೆತ್ತಿ, ಕೊಳೆತ ಭಾಗವನ್ನು ಗಟ್ಟಿ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಮಣ್ಣು ಒದ್ದೆಯಾಗಿರುವಷ್ಟೇ ನೀರಿನಲ್ಲಿಡಿ. ಕುಂಡದ ಮಣ್ಣಿಗೆ ಕಡ್ಡಿ ಚುಚ್ಚಿದಾಗ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ ಬಂದರೆ ಮಣ್ಣಿನಲ್ಲಿ ಹಸಿ ಗೊಬ್ಬರವೋ ಕೊಳೆಯುವ ಎಲೆಯೋ ಸೇರಿದೆ ಎಂದರ್ಥ. ಆ ಮಣ್ಣನ್ನು ಪೂರ್ತಿ ಬದಲಾಯಿಸದೆ ಬೇರೆ ದಾರಿಯಿಲ್ಲ.

ಎಳೆಯ ಎಲೆಯಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ, ಕ್ಷಾರ ನೀರಿನಿಂದಾಗಿ ಗಿಡಕ್ಕೆ ಕಬ್ಬಿಣದಂಶ ದಕ್ಕುತ್ತಿಲ್ಲ. ಮಳೆ ನೀರಿನ ಪಾಲು ಹೆಚ್ಚಿಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕೀಲೇಟೆಡ್ ಕಬ್ಬಿಣವನ್ನು ಚಿಟಿಕೆಯಷ್ಟು ಮಣ್ಣಿನ ಉಂಡೆಯಲ್ಲಿಟ್ಟು ಒತ್ತಬಹುದು. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಅದು ಗೊಬ್ಬರದ ಕೊರತೆ. ಎಲೆಯ ತುದಿ ಮಾತ್ರ ಕಂದಿದರೆ ಲವಣ ಹೆಚ್ಚಿದೆ, ಕಾಲು ಭಾಗ ನೀರು ಬದಲಾಯಿಸುವ ಸಮಯ ಬಂದಿದೆ. ಹೇನು ಕಂಡರೆ ಪೈಪಿನ ನೀರಿನಿಂದ ತೊಳೆದು ಮೀನಿಗೆ ಬೀಳಿಸಿ. ಯಾವ ಔಷಧಿಯನ್ನೂ, ಬೇವಿನ ಎಣ್ಣೆಯನ್ನೂ ಸಿಂಪಡಿಸಬೇಡಿ.

ಹೊಸ ಕೊಳದ ನೀರು ಮೂರನೆಯ ವಾರಕ್ಕೆ ಹಸಿರಾಗುವುದು ಸಹಜ. ಗಾಬರಿಯಿಂದ ನೀರನ್ನೆಲ್ಲ ಬದಲಾಯಿಸಿದರೆ ಹೊಸ ನೀರಿನ ಜೊತೆ ಪಾಚಿಗೆ ಹೊಸ ಆಹಾರವೂ ಬಂದು ಮತ್ತೆ ಹಸಿರಾಗುತ್ತದೆ. ನೀರಿನ ಅರ್ಧ ಭಾಗಕ್ಕಾದರೂ ಎಲೆಗಳ ನೆರಳು ಬೀಳುವಂತಾದಾಗ ತಾನಾಗಿ ತಿಳಿಯಾಗುತ್ತದೆ, ಅದಕ್ಕೆ ಒಂದೆರಡು ತಿಂಗಳು ಬೇಕು. ಎಳೆ ಎಳೆಯಾದ ಪಾಚಿಯನ್ನು ಮಾತ್ರ ಕೈಯಿಂದ ತೆಗೆಯಬೇಕು. ಪೊರಕೆಕಡ್ಡಿಯ ಕಟ್ಟನ್ನು ಅದರೊಳಗಿಟ್ಟು ಒಂದೇ ದಿಕ್ಕಿಗೆ ತಿರುಗಿಸಿದರೆ, ಶಿಡ್ಲಘಟ್ಟದಲ್ಲಿ ರಾಟೆಗೆ ರೇಷ್ಮೆ ಸುತ್ತುವಂತೆ ಸುತ್ತಿಕೊಂಡು ಬರುತ್ತದೆ.

ಹಂತ 10: ಸವರುವುದು, ಬಿಡಿಸಿ ನೆಡುವುದು

ಒಣಗಿದ ಎಲೆಯನ್ನು ವಾರಕ್ಕೊಮ್ಮೆ ನೀರಿನ ಮಟ್ಟಕ್ಕಿಂತ ಮೇಲೆ ಕತ್ತರಿಸಿ. ಟೊಳ್ಳು ಕಾಂಡಗಳನ್ನು ನೀರಿನ ಕೆಳಗೆ ಕತ್ತರಿಸಿದರೆ ಒಳಗೆ ನೀರು ನುಗ್ಗಿ ಬೇರು ಕೊಳೆಯುತ್ತದೆ. ವರ್ಷ, ಒಂದೂವರೆ ವರ್ಷಕ್ಕೆ ಬೇರು ಕುಂಡದ ತೂತುಗಳಿಂದ ಹೊರಬಂದಾಗ ಗಿಡವನ್ನು ಬಿಡಿಸಬೇಕು. ಮುಂಗಾರಿನ ಮೊದಲ ಮಳೆಯ ನಂತರ ಕುಂಡ ಎತ್ತಿ, ಹಳೆಯ ನಡುಭಾಗವನ್ನು ಬಿಟ್ಟು ಅಂಚಿನ ಎಳೆಯ ತುಂಡುಗಳನ್ನು ಮಾತ್ರ ಹೊಸ ಮಣ್ಣಿನಲ್ಲಿ ನೆಟ್ಟು, ಏಳನೆಯ ಹಂತದಿಂದ ಮತ್ತೆ ಶುರುಮಾಡಿ. ಒಂದೆಲಗ, ಹೊನಗೊನೆಯನ್ನು ಅಡುಗೆಗೆ ಕೊಯ್ಯುವ ಆಸೆಯಿದ್ದರೆ ಆ ಕುಂಡಗಳನ್ನು ಕೊಳದಿಂದ ಬೇರೆಯಾಗಿ, ಕುಡಿಯುವ ನೀರು ಹಾಕಿಯೇ ಬೆಳೆಸಿ.

ಸವರಿದ ಕಸವನ್ನಾಗಲಿ, ಹೆಚ್ಚಾದ ಗಿಡವನ್ನಾಗಲಿ, ಮರಿ ಹಾಕಿ ಹೆಚ್ಚಿದ ಗಪ್ಪಿಯನ್ನಾಗಲಿ ರಾಜಕಾಲುವೆಗೆ ಎಸೆಯಬೇಡಿ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದರ ಒಡಲಿಗೆ ಹರಿಯುವಂತೆ ಸರಣಿಯಾಗಿ ಇರುವುದರಿಂದ, ಒಂದು ಕಾಲುವೆಗೆ ಬಿದ್ದ ಬೇರಿನ ತುಂಡು ಕೆಳಗಿನ ಊರುಗಳ ಕೆರೆಗಳನ್ನೂ ಸೇರಬಲ್ಲದು. ಗಿಡವನ್ನು ಬಂಡೆಯ ಮೇಲೆ ಹರಡಿ, ಮುರಿದರೆ ಲಟಕ್ಕೆನ್ನುವವರೆಗೆ ಒಣಗಿಸಿ, ಆಮೇಲೆ ತಿಪ್ಪೆ ಗುಂಡಿಗೆ ಹಾಕಿ.